ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಪರ್ಸೆಂಟ್ ತಪ್ಪು ತೋರಿಸ್ತದಾ? ಹೊಸಾದು ತರೋಕಿಂತ ಮೊದ್ಲು ಇದನ್ನ ಮಾಡಿ ನೋಡ್ರಿ

ಮೂಲ್ಯಾಗ 42 ಪರ್ಸೆಂಟ್ ಅಂತ ತೋರಿಸ್ತಿರ್ತದ, ನೀವು ನುಡಿ ಸಾಫ್ಟ್‌ವೇರ್‌ನ್ಯಾಗ ಅರ್ಜಿ ಟೈಪ್ ಮಾಡ್ಕೊಂತ ಕುಂತಿರ್ತೀರಿ, ಎರಡು ಪ್ಯಾರಾ ಮುಗಿಯೋದ್ರಾಗ ಸ್ಕ್ರೀನ್ ಕಪ್ಪಗಾಗಿ ಹೋಗ್ತದ. ಚಾರ್ಜರ್ ಹಚ್ಚಿ ಆನ್ ಮಾಡಿದ್ರ 3 ಪರ್ಸೆಂಟ್. ಇಲ್ಲಾ ಅದರ ಉಲ್ಟಾ, ಅರ್ಧ ತಾಸಿನ್ಯಾಗ 100ರಿಂದ 6ಕ್ಕ ಇಳಿದುಬಿಡ್ತದ, ಆಮ್ಯಾಲೆ ಆ 6ರ ಮ್ಯಾಲೇ ಆರಾಮಾಗಿ ಒಂದು ತಾಸು ಓಡ್ತದ. ಅಂಗಡಿಗೆ ಒಯ್ದ್ರ ಒಂದೇ ಮಾತು, ಬ್ಯಾಟರಿ ಹೋಗ್ಯದ, ಹೊಸಾದು ಹಾಕ್ಸ್ರಿ. ಕೆಲವು ಸಲ ಅದು ಖರೆನೇ ಇರ್ತದ. ಆದ್ರ ಈ ಎರಡನೇ ನಮೂನಿ, 6ರ ಮ್ಯಾಲೆ ಒಂದು ತಾಸು ಓಡೋದು ಅದಲ್ಲ, ಅದರಾಗ ಬ್ಯಾಟರಿ ಚೊಲೋ ಅದ, ಲೆಕ್ಕ ತಪ್ಪ್ಯದ. ಲೆಕ್ಕ ಸರಿ ಮಾಡ್ಲಿಕ್ಕ ರೊಕ್ಕ ಬೇಕಾಗಿಲ್ಲ, ಒಂದು ದಿನ ಟೈಮ್ ಬೇಕು, ಅಷ್ಟೇ.

ನಮ್ಮ ರಾಯಚೂರು ಕಡೆ ಹುಡುಗ್ರು ಓದ್ಲಿಕ್ಕ, ಟೈಪಿಂಗ್ ಕಲೀಲಿಕ್ಕ ಅಂತ ಭಾಳ ಮಂದಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ತಗೋತಾರ. ಹೈದರಾಬಾದ್ ಹತ್ರ ಅದ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ಕಂಪನಿಯವ್ರು ವಾಪರ್ಸಿ ಬಿಟ್ಟ ಡೆಲ್ ಲ್ಯಾಟಿಟ್ಯೂಡೋ, ಥಿಂಕ್‌ಪ್ಯಾಡೋ, ಎಚ್‌ಪಿ ಎಲೈಟ್‌ಬುಕ್ಕೋ ಹಿಡ್ಕೊಂಡು ಬರ್ತಾರ. ಮಷಿನ್ ಗಟ್ಟಿ ಇರ್ತಾವ, ಇನ್ನೂ ನಾಕೈದು ವರ್ಷ ಆರಾಮಾಗಿ ನಡೀತಾವ. ಅಂಥಾದ್ರಾಗ ಬರೀ ಪರ್ಸೆಂಟ್ ತಪ್ಪು ತೋರಿಸ್ತದ ಅಂತ ಬ್ಯಾಟರಿ ಕಸಕ್ಕ ಹಾಕೋದು, ಕೂಡಿಸಿಟ್ಟ ರೊಕ್ಕ ಸುಮ್ನ ಕಳ್ಕೊಳ್ಳೋದು ನನಗ ಸಂಕಟ ಆಗ್ತದ, ಅದಕ್ಕ ಇಷ್ಟು ಉದ್ದ ಬರೀಲಿಕ್ಕತ್ತೀನಿ.

ಪರ್ಸೆಂಟ್ ಎಲ್ಲಿಂದ ಬರ್ತದ

ಬ್ಯಾಟರಿ ಪ್ಯಾಕ್ ಒಳಗ ಬರೀ ಸೆಲ್ ಇರಂಗಿಲ್ಲ, ಒಂದು ಸಣ್ಣ ಬೋರ್ಡ್ ಇರ್ತದ, ಅದರ ಮ್ಯಾಲೆ ಫ್ಯುಯೆಲ್ ಗೇಜ್ ಅನ್ನೋ ಚಿಪ್ ಇರ್ತದ. ಸೆಲ್‌ನ್ಯಾಗ ಎಷ್ಟು ಚಾರ್ಜ್ ಅದ ಅಂತ ನೇರ ಅಳೀಲಿಕ್ಕ ಯಾವ ಚಿಪ್ಪಿಗೂ ಆಗಂಗಿಲ್ಲ. ಅದು ಮಾಡೋದು ಏನಂದ್ರ, ಒಳಗ ಎಷ್ಟು ಕರೆಂಟ್ ಬಂತು ಹೊರಗ ಎಷ್ಟು ಹೋಯ್ತು ಅಂತ ಒಂದು ಸಣ್ಣ ರೆಸಿಸ್ಟರ್ ಮೂಲಕ ಎಣಿಸ್ಕೊಂತ ಇರ್ತದ, ಜೊತೀಗೆ ವೋಲ್ಟೇಜು, ಟೆಂಪರೇಚರ್ರೂ ನೋಡ್ಕೊಂತದ. ನಮ್ಮ ಗಂಜಿನ್ಯಾಗ ಅಡತಿ ಅಂಗಡಿಯವ್ರು ಖಾತೆ ವಹಿಯೊಳಗ ಆವಕ ಜಾವಕ ಬರ್ಕೊಂಡು, ಗೋಡೌನ್ ಬಾಗಿಲು ತಗೀದೇನೇ ಇಷ್ಟು ಚೀಲ ಉಳಿದಾವ ಅಂತ ಹೇಳ್ತಾರಲ್ಲ, ಹಂಗ. ದಿನಾ ಒಂದೊಂದು ಕಿಲೋ ಹೆಚ್ಚುಕಡಿಮಿ ಆದ್ರ ವರ್ಷದ ಕೊನೀಗೆ ವಹಿಗೂ ಗೋಡೌನ್‌ಗೂ ತಾಳೆ ಆಗಂಗಿಲ್ಲ, ಆವಾಗ ಗೋಡೌನ್ ಪೂರಾ ಖಾಲಿ ಮಾಡಿ ಎಣಿಸಿದ್ರೇ ಲೆಕ್ಕ ಕೂಡ್ತದ.

ಬ್ಯಾಟರಿಯೊಳಗೂ ಇದೇ ಆಗ್ತದ. 90ಕ್ಕ ಹೋಗಿ 60ಕ್ಕ ಬಂದು ಮತ್ತ 80ಕ್ಕ ಹಚ್ಚಿ, ಹಿಂಗ ನಡು ನಡುವೆನೇ ಓಡಾಡಿದ್ರ ಚಿಪ್ಪಿಗೆ ಪೂರಾ ತುಂಬಿದ್ದು ಯಾವಾಗ, ಪೂರಾ ಖಾಲಿ ಆಗಿದ್ದು ಯಾವಾಗ ಅಂತ ಗುರ್ತು ಸಿಗಂಗಿಲ್ಲ, ಸಣ್ಣ ಸಣ್ಣ ತಪ್ಪು ಕೂಡ್ಕೊಂತ ಹೋಗ್ತಾವ. ವರ್ಷಗಟ್ಲೆ ಚಾರ್ಜರ್‌ಗೇ ಹಚ್ಚಿಟ್ಟು ಡೆಸ್ಕ್‌ಟಾಪ್ ನಮೂನಿ ವಾಪರ್ಸೋ ಮಷಿನ್‌ನ್ಯಾಗ ಇದು ಇನ್ನೂ ಜಾಸ್ತಿ, ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ನ್ಯಾಗ ನೀವೇ ನೋಡಿರ್ತೀರಿ, ಬ್ಯಾಟರಿ 100 ಅಂತದ, ಕರೆಂಟ್ ಹೋಗಿ ಐದು ನಿಮಿಷಕ್ಕ ಮಷಿನ್ ಬಂದ್. ಸೆಲ್ ಹಳೇದಾಗಿ ಅದರ ಹಿಡಿಯೋ ಶಕ್ತಿ ಕಡಿಮಿ ಆಗಿರ್ತದ, ಚಿಪ್ಪು ಮಾತ್ರ ಹಳೇ ಅಳತಿನೇ ಇಟ್ಕೊಂಡು ಕುಂತಿರ್ತದ.

ಹಿಂಗಾಗಿ ಮೀಟರ್ ಬ್ಯಾರೆ, ಬ್ಯಾಟರಿ ಬ್ಯಾರೆ. ಕ್ಯಾಲಿಬ್ರೇಷನ್ ಅಂತಾರಲ್ಲ, ಅದು ಮೀಟರ್ ರಿಪೇರಿ, ಸೆಲ್ ಅದರಿಂದ ಹೊಸಾದಾಗಂಗಿಲ್ಲ. ಬ್ಯಾಟರಿ ಜೀವ ಹೆಚ್ಚು ಮಾಡ್ತದ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ.

ಲಕ್ಷಣ ನೋಡಿ ಗುರ್ತು ಹಿಡಿಯೋದು

ಮೊದ್ಲು ನಿಮ್ಮ ಮಷಿನ್ ಯಾವ ನಮೂನಿ ಕಾಟ ಕೊಡ್ಲಿಕ್ಕತ್ತದ ಅಂತ ಎರಡು ಮೂರು ಸಲ ಗಮನಿಸ್ರಿ, ಗಡಿಬಿಡಿ ಮಾಡಬ್ಯಾಡ್ರಿ. ಪರ್ಸೆಂಟ್ ದಡಕ್ಕನ ಕೆಳಗ ಇಳಿದು, 5–6ರ ಹತ್ರ ಭಾಳ ಹೊತ್ತು ನಿಂತು ಓಡ್ತದ ಅಂದ್ರ ಚಿಪ್ಪು ಇರೋದಕ್ಕಿಂತ ಕಡಿಮಿ ಲೆಕ್ಕ ಹಿಡಿದದ, ಇದು ಕ್ಯಾಲಿಬ್ರೇಷನ್‌ದಿಂದ ಸರಿ ಹೋಗೋ ಚಾನ್ಸ್ ಭಾಳ ಅದ. 100ರಿಂದ ಕೆಳಗ ಇಳಿಯೋದೇ ಇಲ್ಲ, ಆಮ್ಯಾಲೆ ಒಮ್ಮೆಲೆ ಬಿದ್ದುಹೋಗ್ತದ ಅಂದ್ರೂ ಅದೇ ಔಷಧ.

30–40 ತೋರಿಸುವಾಗ ಏನೂ ಸೂಚನಿ ಇಲ್ಲದೇ ಬಂದ್ ಆಗ್ತದ ಅಂದ್ರ ಮಾತ್ರ ಎರಡು ಕಾರಣ ಇರಬಹುದು. ಒಂದು, ಲೆಕ್ಕ ತಪ್ಪಿ ಖರೇನೇ ಖಾಲಿ ಆಗಿರ್ತದ. ಎರಡು, ಪ್ಯಾಕ್ ಒಳಗ ಒಂದು ಸೆಲ್ ಬಲಹೀನ ಆಗಿರ್ತದ. ಮಾಮೂಲಿ 6 ಸೆಲ್ಲಿನ ಪ್ಯಾಕ್ ಅಂದ್ರ ಎರಡೆರಡು ಸೆಲ್ಲಿನ ಮೂರು ಜೋಡಿ ಸಾಲಾಗಿ ಇರ್ತಾವ, ಅದರಾಗ ಒಂದು ಜೋಡಿ ಬಲಹೀನ ಆಗಿ ವೋಲ್ಟೇಜ್ ಕುಸೀತು ಅಂದ್ರ ಉಳಿದ ಎರಡು ಜೋಡಿ ಎಷ್ಟೇ ಗಟ್ಟಿ ಇದ್ರೂ ಸುರಕ್ಷತಾ ಸರ್ಕ್ಯೂಟು ಪೂರಾ ಪ್ಯಾಕ್ ಬಂದ್ ಮಾಡಿಬಿಡ್ತದ. ಇವೆರಡನ್ನ ಬ್ಯಾರೆ ಮಾಡೋದು ಹಿಂಗ: ಒಂದು ಸಲ ಬ್ರೈಟ್‌ನೆಸ್ ಇಳಿಸಿ, ವೈಫೈ ಬಂದ್ ಮಾಡಿ, ಬರೀ ಒಂದು ಡಾಕ್ಯುಮೆಂಟ್ ತೆಗೆದಿಟ್ಟು ಬ್ಯಾಟರಿ ಮ್ಯಾಲೆ ಓಡಿಸ್ರಿ. ಇನ್ನೊಂದು ಸಲ ಪೂರಾ ಚಾರ್ಜ್ ಮಾಡಿ, ಫುಲ್ ಬ್ರೈಟ್‌ನೆಸ್, ಎರಡು ಮೂರು ವಿಡಿಯೋ, ಹಿಂಗ ಭಾರ ಹಾಕಿ ಓಡಿಸ್ರಿ. ಹಗುರ ಕೆಲಸದಾಗ 8–10 ಪರ್ಸೆಂಟ್ ತನಕ ಬಂದು, ಭಾರ ಹಾಕಿದಾಗ 35ಕ್ಕೇ ಕೈಕೊಡ್ತದ ಅಂದ್ರ ಒಳಗಿನ ರೆಸಿಸ್ಟೆನ್ಸ್ ಹೆಚ್ಚಾಗ್ಯದ, ಸೆಲ್ಲಿಗೇ ವಯಸ್ಸಾಗ್ಯದ. ಎರಡೂ ಸಲ ಹೆಚ್ಚುಕಡಿಮಿ ಅದೇ ಪರ್ಸೆಂಟ್‌ಗೆ ಬಂದ್ ಆದ್ರ ಲೆಕ್ಕದ್ದೇ ತಪ್ಪು ಇರೋ ಸಂಭವ ಜಾಸ್ತಿ.

255 ಪರ್ಸೆಂಟ್ ಅಂತ ತೋರಿಸಿದ್ರ, ಇಲ್ಲಾ ಬ್ಯಾಟರಿ ಗುರುತಿಗೆ ಕೆಂಪು ಗೀಟು ಬಂದ್ರ ಗಾಬರಿ ಬ್ಯಾಡ. ವಿಂಡೋಸ್‌ನ್ಯಾಗ 255 ಅಂದ್ರ ಬ್ಯಾಟರಿಯ ಸುದ್ದಿ ಸಿಗವಲ್ದು ಅನ್ನೋ ಅಂಕಿ. ಪ್ಯಾಕಿಗೂ ಬೋರ್ಡಿಗೂ ಮಾತುಕತಿ ಕಡಿದದ, ಬ್ಯಾಟರಿ ಮಷಿನ್‌ಗೆ ಕೂಡೋ ಕಡೆಯ ಪಿನ್ (ಕಾಂಟ್ಯಾಕ್ಟ್) ಒರಸೋದ್ರಿಂದ ಶುರು ಮಾಡ್ರಿ, ಮುಂದ ಹೇಳೀನಿ.

ಟಚ್‌ಪ್ಯಾಡ್ ಮ್ಯಾಲಕ್ಕ ಉಬ್ಬ್ಯದ, ಕೀಬೋರ್ಡ್ ನಡುವೆ ಏರಿದಂಗ ಆಗ್ಯದ, ತಳದ ಮುಚ್ಚಳ ಬಿರುಕು ಬಿಟ್ಟು ಟೇಬಲ್ ಮ್ಯಾಲೆ ಮಷಿನ್ ಅಲ್ಲಾಡ್ತದ, ಇದರಾಗ ಏನಾದ್ರೂ ಒಂದು ಕಂಡ್ರ ಇಲ್ಲಿಗೇ ನಿಲ್ರಿ. ಬ್ಯಾಟರಿ ಉಬ್ಬ್ಯದ. ಚಾರ್ಜ್ ಮಾಡಬ್ಯಾಡ್ರಿ, ಕ್ಯಾಲಿಬ್ರೇಷನ್ ಅಂತೂ ಮಾಡಲೇಬ್ಯಾಡ್ರಿ, ಒತ್ತಿ ಕೂಡಿಸೋದು, ಸೂಜಿಲೆ ಚುಚ್ಚಿ ಗಾಳಿ ಬಿಡೋದು ಇಂಥಾ ಹುಚ್ಚು ಕೆಲಸ ಯಾರೂ ಮಾಡಬಾರ್ದು, ಬೆಂಕಿ ಹತ್ತದ. ಮಷಿನ್ ಬಂದ್ ಮಾಡಿ ಅಂಗಡಿಗೆ ಒಯ್ದು ತಗಿಸ್ರಿ.

ತಪ್ಪಲ್ಲದ್ದನ್ನ ತಪ್ಪು ಅಂದ್ಕೊಳ್ಳೋದು

80ಕ್ಕ ಬಂದು ಚಾರ್ಜ್ ನಿಂತುಬಿಡ್ತದ, ಇಲ್ಲಾ 60ಕ್ಕೇ ನಿಂತುಬಿಡ್ತದ ಅಂದ್ರ ಅದು ಕೆಟ್ಟಿಲ್ಲ, ಯಾರೋ ಲಿಮಿಟ್ ಹಾಕ್ಯಾರ. ಲೆನೊವೊದಾಗ ವ್ಯಾಂಟೇಜ್ ಆ್ಯಪ್‌ನ್ಯಾಗ ಕನ್ಸರ್ವೇಷನ್ ಮೋಡ್ ಅಂತಿರ್ತದ, ಥಿಂಕ್‌ಪ್ಯಾಡ್‌ನ್ಯಾಗ ಚಾರ್ಜ್ ಥ್ರೆಶೋಲ್ಡ್, ಏಸಸ್‌ನ್ಯಾಗ ಮೈಏಸಸ್ ಆ್ಯಪ್ ಒಳಗ, ಡೆಲ್ ಮತ್ತ ಎಚ್‌ಪಿದಾಗ ಬಯೋಸ್‌ನ್ಯಾಗೇ (ವಿಂಡೋಸ್ ಶುರು ಆಗೋಕಿಂತ ಮೊದ್ಲು ತಗಿಯೋ ಮಷಿನ್‌ದೇ ಸೆಟ್ಟಿಂಗ್ ಸ್ಕ್ರೀನ್) ಬ್ಯಾಟರಿ ಸೆಟ್ಟಿಂಗ್ ಇರ್ತದ. ಕಂಪನಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಮಷಿನ್‌ನ್ಯಾಗ ಹಿಂದಿನವ್ರು ಬಯೋಸ್‌ನ್ಯಾಗ ಹಾಕಿದ್ದು ಹಂಗೇ ಉಳಿದಿರ್ತದ, ವಿಂಡೋಸ್ ಹೊಸಾದು ಹಾಕಿದ್ರೂ ಅದು ಹೋಗಂಗಿಲ್ಲ. ದಿನಾ ವಾಪರ್ಸ್ಲಿಕ್ಕ ಈ ಲಿಮಿಟ್ ಚೊಲೋದೇ, ಆದ್ರ ಕ್ಯಾಲಿಬ್ರೇಷನ್ ಮಾಡೋ ದಿನ ತಗೀಬೇಕು, ಇಲ್ಲಂದ್ರ ಚಿಪ್ಪಿಗೆ ಪೂರಾ ತುಂಬಿದ ಗುರ್ತೇ ಸಿಗಂಗಿಲ್ಲ. 96ಕ್ಕ, 98ಕ್ಕ ನಿಂತು ಚಾರ್ಜ್ ಆಗವಲ್ದು ಅಂದ್ರೂ ಚಿಂತಿಲ್ಲ, ತುಂಬಿದ ಬ್ಯಾಟರಿನ ಪದೇ ಪದೇ ತುಂಬಬಾರ್ದು ಅಂತ ಎಷ್ಟೋ ಮಷಿನ್ 95ರ ಆಸುಪಾಸು ಇಳಿಯೋ ತನಕ ಚಾರ್ಜ್ ಶುರುನೇ ಮಾಡಂಗಿಲ್ಲ.

ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್ ಅಂತ ಬಂದ್ರ ಮೊದ್ಲು ಚಾರ್ಜರ್ ನೋಡ್ರಿ. ಡೆಲ್ ಚಾರ್ಜರ್ ಪಿನ್ ನಡುವೆ ಒಂದು ಸಣ್ಣ ಸೂಜಿ ಇರ್ತದ, ಇದು ಇಷ್ಟು ವ್ಯಾಟಿನ ಚಾರ್ಜರ್ ಅಂತ ಅದರ ಮೂಲಕಾನೇ ಮಷಿನ್‌ಗೆ ಗೊತ್ತಾಗೋದು. ಅದು ಬಾಗಿದ್ರ, ಇಲ್ಲಾ ಚಾರ್ಜರ್ ಡುಪ್ಲಿಕೇಟ್ ಇದ್ರ ಮಷಿನ್ ನಡೀತದ, ಬ್ಯಾಟರಿ ಮಾತ್ರ ತುಂಬಂಗಿಲ್ಲ. ಗೆಳೆಯಾರ ಹತ್ರ ಒರಿಜಿನಲ್ ಚಾರ್ಜರ್ ಇಸ್ಕೊಂಡು ಒಂದು ತಾಸು ಹಚ್ಚಿ ನೋಡಿದ್ರ ಗೊತ್ತಾಗ್ತದ.

ಆಮ್ಯಾಲೆ ಬಿಸಿಲು. ಇದನ್ನ ಜರಾ ಒತ್ತಿ ಹೇಳಬೇಕು, ಯಾಕಂದ್ರ ಬೆಂಗಳೂರಿನವ್ರು, ಪರದೇಶದವ್ರು ಬರೆದ ಟಿಪ್ಸ್‌ನ್ಯಾಗ ಇದು ಇರಂಗಿಲ್ಲ. ಲಿಥಿಯಂ ಸೆಲ್ 45 ಡಿಗ್ರಿ ಮ್ಯಾಲೆ ಬಿಸಿ ಆದ್ರ ಚಾರ್ಜ್ ಮಾಡಬಾರ್ದು ಅನ್ನೋದು ಸಾಮಾನ್ಯ ಮಿತಿ, ಆ ಹೊತ್ತಿಗೆ ಸರ್ಕ್ಯೂಟು ತಾನೇ ಚಾರ್ಜ್ ನಿಲ್ಲಿಸ್ತದ ಇಲ್ಲಾ ನಿಧಾನ ಮಾಡ್ತದ. ಮೇ ತಿಂಗಳದಾಗ ರಾಯಚೂರು, ಬಳ್ಳಾರಿ, ಕೊಪ್ಪಳ ಎಲ್ಲಾ ಕಡೆ ಹೊರಗೇ 40 ದಾಟಿರ್ತದ, ಪತ್ರಾಸ್ ಮನಿಯೊಳಗ ಮಧ್ಯಾಹ್ನ ಅದಕ್ಕಿಂತ ಜಾಸ್ತಿ, ಅದರ ಮ್ಯಾಲೆ ಲ್ಯಾಪ್‌ಟಾಪ್ ಹಾಸಿಗಿ ಮ್ಯಾಲಿಟ್ರ ಸೆಲ್ 45 ದಾಟ್ಲಿಕ್ಕ ಎಷ್ಟೊತ್ತು? ಆವಾಗ 67ಕ್ಕ ನಿಂತ ಪರ್ಸೆಂಟ್ ರಾತ್ರಿ ತಂಪಾದ ಮ್ಯಾಲೆ ತಾನೇ ಏರ್ತದ. ಬ್ಯಾಟರಿ ಏನೂ ಕೆಟ್ಟಿರಂಗಿಲ್ಲ. ಜಿನ್ನಿಂಗ್ ಮಿಲ್ ಹತ್ರ ಇರೋರ ಮಷಿನ್‌ನ್ಯಾಗ ಹತ್ತಿ ಎಳಿ ಹೋಗಿ ಫ್ಯಾನ್ ಜಾಳಿಗಿ ಮುಚ್ಚಿರ್ತದ, ಸಂಡೂರು ಕಡೆಯವ್ರದ್ದರಾಗ ಕೆಂಪು ಧೂಳು ಕುಂತಿರ್ತದ. ಫ್ಯಾನ್ ಕ್ಲೀನ್ ಮಾಡಿಸಿದ್ರೇ ಅರ್ಧ ತ್ರಾಸು ಕಡಿಮಿ ಆಗಿದ್ದು ನೋಡೀನಿ.

ರಿಪೋರ್ಟ್ ತಗೀರಿ

ವಿಂಡೋಸ್ 8, 10, 11 ಇದ್ರ ಸ್ಟಾರ್ಟ್ ಮೆನುವಿನ್ಯಾಗ ಸಿಎಂಡಿ ಅಂತ ಹೊಡೆದು ಕಮಾಂಡ್ ಪ್ರಾಂಪ್ಟ್ ತಗೀರಿ. ಅದರೊಳಗ ಇಂಗ್ಲಿಷ್ ಅಕ್ಷರದಾಗ ಪವರ್, ಅದಕ್ಕ ಅಂಟಿಕೊಂಡೇ ಸಿ ಎಫ್ ಜಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಸ್ಲ್ಯಾಶಿಗೆ ಅಂಟಿಕೊಂಡು ಬ್ಯಾಟರಿರಿಪೋರ್ಟ್ ಅಂತ ಒಂದೇ ಪದ ಹೊಡೆದು ಎಂಟರ್ ಒತ್ತ್ರಿ. ಫೈಲ್ ಎಲ್ಲಿ ಸೇವ್ ಆತು ಅಂತ ಅಲ್ಲೇ ತೋರಿಸ್ತದ, ಬ್ರೌಸರ್‌ನ್ಯಾಗ ತಗೀರಿ. ವಿಂಡೋಸ್ 7 ಇದ್ರ ಬ್ಯಾಟರಿರಿಪೋರ್ಟ್ ಜಾಗದಾಗ ಎನರ್ಜಿ ಅಂತ ಹಾಕಬೇಕು, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು, ಒಂದು ನಿಮಿಷ ತಗೊಂತದ. ಉಬುಂಟು ಇದ್ರ ಪವರ್ ಸ್ಟ್ಯಾಟಿಸ್ಟಿಕ್ಸ್ ಅನ್ನೋ ಆ್ಯಪ್‌ನ್ಯಾಗ ಇವೇ ಅಂಕಿ ಸಿಗ್ತಾವ.

ಮೂರು ಸಾಲು ನೋಡ್ರಿ ಸಾಕು. ಡಿಸೈನ್ ಕೆಪಾಸಿಟಿ ಅಂದ್ರ ಹೊಸಾದಿದ್ದಾಗ ಎಷ್ಟಿತ್ತು. ಫುಲ್ ಚಾರ್ಜ್ ಕೆಪಾಸಿಟಿ ಅಂದ್ರ ಈಗ ಎಷ್ಟು ಹಿಡೀತದ ಅಂತ ಚಿಪ್ಪಿನ ಅಂದಾಜು. ಸೈಕಲ್ ಕೌಂಟ್ ಅಂದ್ರ ಒಟ್ಟು ಎಷ್ಟು ಸಲ ಪೂರಾ ತುಂಬಿ ಖಾಲಿ ಆದಷ್ಟು ಆಗ್ಯದ. ಸಾಮಾನ್ಯವಾಗಿ 300ರಿಂದ 500 ಸೈಕಲ್ ಆಗೋದ್ರಾಗ ಕೆಪಾಸಿಟಿ ಶೇಕಡಾ 80ರ ಹತ್ರ ಬಂದಿರ್ತದ. ಒಂದು ಉದಾಹರಣಿ ಹೇಳ್ತೀನಿ, 11.1 ವೋಲ್ಟು 4400 ಎಂಎಎಚ್ ಅಂತ ಬರೆದಿರೋ ಪ್ಯಾಕ್ ಅಂದ್ರ ಗುಣಿಸಿದ್ರ ಹೆಚ್ಚುಕಡಿಮಿ 48,800 ಎಂಡಬ್ಲ್ಯುಎಚ್ (ಮಿಲಿವ್ಯಾಟ್‌ಅವರ್, ಸಾವಿರ ಕೂಡಿದ್ರ ಒಂದು ವ್ಯಾಟ್‌ಅವರ್). ಫುಲ್ ಚಾರ್ಜ್ ಜಾಗದಾಗ 29,000 ಇದ್ರ ಶೇಕಡಾ 60 ಉಳಿದದ ಅಂತರ್ಥ.

ಆದ್ರ ಇಲ್ಲೇ ಮಂದಿ ಮೋಸ ಹೋಗೋದು. ಈ ಫುಲ್ ಚಾರ್ಜ್ ಅಂಕಿ ಬರೆದದ್ದೂ ಅದೇ ಲೆಕ್ಕ ತಪ್ಪಿದ ಚಿಪ್ಪೇ, ಹಿಂಗಾಗಿ ಕ್ಯಾಲಿಬ್ರೇಷನ್ ಮಾಡೋಕಿಂತ ಮೊದ್ಲು ಇದನ್ನ ನೋಡಿ ಬ್ಯಾಟರಿ ಸತ್ತದ ಅಂತ ತೀರ್ಮಾನ ಮಾಡಬಾರ್ದು. ಕೆಳಗ ಬ್ಯಾಟರಿ ಕೆಪಾಸಿಟಿ ಹಿಸ್ಟರಿ ಅಂತ ಇರ್ತದ, ಅದು ಭಾಳ ಉಪಯೋಗ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಇಳಿದಿದ್ರ ಅದು ವಯಸ್ಸು. ಒಂದೇ ವಾರದಾಗ 40,000ದಿಂದ 18,000ಕ್ಕ ಬಿದ್ದಿದ್ರ ಒಂದಾ ಲೆಕ್ಕ ತಪ್ಪ್ಯದ, ಇಲ್ಲಾ ಸೆಲ್ ಒಂದು ಕೆಟ್ಟದ. ಇನ್ನ ಆರು ವರ್ಷದ ಮಷಿನ್‌ನ್ಯಾಗ ಡಿಸೈನ್ನೂ ಫುಲ್ ಚಾರ್ಜೂ ಎರಡೂ ಒಂದೇ ಅಂಕಿ, ಸೈಕಲ್ ಕೌಂಟ್ ಸೊನ್ನಿ ಇದ್ರ ಖುಷಿ ಪಡಬ್ಯಾಡ್ರಿ, ಚಿಪ್ಪು ಏನೂ ಕಲ್ತಿಲ್ಲ, ಇಲ್ಲಾ ಯಾರೋ ಲೋಕಲ್ ಪ್ಯಾಕ್ ಹಾಕ್ಯಾರ.

ಚಿಪ್ಪಿನ ಮಾತು ನಂಬದೇ ನೀವೇ ಅಳೀಬೇಕಂದ್ರ ಬ್ಯಾಟರಿಇನ್ಫೋವ್ಯೂ ಅನ್ನೋ ಫ್ರೀ ಸಾಫ್ಟ್‌ವೇರ್ ಅದ, ಅದರಾಗ ಈಗಿನ ವೋಲ್ಟೇಜು, ಎಷ್ಟು ವ್ಯಾಟ್ ಖರ್ಚಾಗ್ತದ ಎಲ್ಲಾ ಕಾಣ್ತದ. ಒಂದೊಂದು ಸೆಲ್ ಪೂರಾ ತುಂಬಿದಾಗ 4.2 ವೋಲ್ಟ್, ಅರ್ಧ ಇದ್ದಾಗ 3.7ರ ಆಸುಪಾಸು, ಖಾಲಿ ಅಂದ್ರ 3ರ ಹತ್ರ. ಮೂರು ಸಾಲಿನ ಪ್ಯಾಕಿಗೆ ಮೂರರಿಂದ ಗುಣಿಸ್ರಿ: 12.6, 11.1, 9. ಸ್ಕ್ರೀನ್ ಮ್ಯಾಲೆ 15 ಪರ್ಸೆಂಟ್ ಅಂತದ, ವೋಲ್ಟೇಜ್ ಮಾತ್ರ 11.5 ಅದ ಅಂದ್ರ ಬ್ಯಾಟರಿಯೊಳಗ ಇನ್ನೂ ಭಾಳ ಉಳಿದದ, ಮೀಟರ್ ಸುಳ್ಳು ಹೇಳ್ಲಿಕ್ಕತ್ತದ. ಇದು ನನಗ ಎಲ್ಲಾದಕ್ಕಿಂತ ನಂಬಿಕಿಯ ಗುರ್ತು.

ಸಣ್ಣ ರಿಪೇರಿ ಮೊದ್ಲು

ಬ್ಯಾಟರಿ ಹೊರಗ ತಗೀಲಿಕ್ಕ ಬರ್ತದ ಅಂದ್ರ ಮಷಿನ್ ಪೂರಾ ಬಂದ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗ ಉಳಿದ ಕರೆಂಟ್ ಹೋಗಿ ಬ್ಯಾಟರಿ ನೋಡ್ಕೊಳ್ಳೋ ಕಂಟ್ರೋಲರ್ ಹೊಸದಾಗಿ ಶುರು ಆಗ್ತದ. ಅದೇ ಹೊತ್ತಿನ್ಯಾಗ ಪ್ಯಾಕಿನ ಕಾಂಟ್ಯಾಕ್ಟ್‌ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಲೆ ಹಗೂರಕ ಒರಸಿ ಒಣಗಿಸ್ರಿ, ನೀರು ಹಚ್ಚಬ್ಯಾಡ್ರಿ, ಎರಡು ಕಾಂಟ್ಯಾಕ್ಟ್‌ಗೆ ಒಟ್ಟಿಗೇ ಕಬ್ಬಿಣ ತಾಗಿಸಬ್ಯಾಡ್ರಿ. ಅದರಾಗ ಪ್ಲಸ್ ಮೈನಸ್ ಅಷ್ಟೇ ಅಲ್ಲ, ಚಿಪ್ಪಿನ ಸುದ್ದಿ ಒಯ್ಯೋ ಡೇಟಾ ಪಿನ್ನೂ ಇರ್ತಾವ, ಧೂಳು ಕುಂತ್ರ 255, ಸೊನ್ನಿ, ಬ್ಯಾಟರಿ ಇಲ್ಲ, ಹಿಂಗ ಏನೇನೋ ತೋರಿಸ್ತದ. ಬ್ಯಾಟರಿ ಒಳಗೇ ಇರೋ ಮಾಡಲ್ ಆದ್ರ ಕೆಲವಕ್ಕ ತಳದಾಗ ಪಿನ್ ಹಾಕಿ ಒತ್ತೋ ಸಣ್ಣ ರೀಸೆಟ್ ತೂತು ಇರ್ತದ, ಥಿಂಕ್‌ಪ್ಯಾಡ್‌ನ್ಯಾಗ ಕಾಮನ್.

ವಿಂಡೋಸ್ ಕಡೆ ಡಿವೈಸ್ ಮ್ಯಾನೇಜರ್ ತೆಗೆದು ಬ್ಯಾಟರೀಸ್ ಅನ್ನೋದರ ಕೆಳಗ ಎಸಿಪಿಐ ಕಂಪ್ಲಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ ಅಂತಿರ್ತದ, ಅದನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡ್ರಿ, ತಾನೇ ಮತ್ತ ಬರ್ತದ. ಪರ್ಸೆಂಟ್ ಒಂದೇ ಕಡೆ ಗಟ್ಟಿ ನಿಂತಿದ್ರ ಇದರಿಂದ ಸರಿ ಆಗಬಹುದು, ಲೆಕ್ಕ ತಪ್ಪಿದ್ದಕ್ಕ ಇದರಿಂದ ಏನೂ ಆಗಂಗಿಲ್ಲ. ಬಯೋಸ್ ಅಪ್‌ಡೇಟ್ ಇದ್ರ ಹಾಕ್ರಿ, ಆದ್ರ ಈ ಕೆಟ್ಟ ಬ್ಯಾಟರಿ ಮ್ಯಾಲೆ ನಡುವೆ ಕರೆಂಟ್ ಹೋದ್ರ ಮದರ್‌ಬೋರ್ಡೇ ಹೋಗಬಹುದು, ಯುಪಿಎಸ್ ಇರೋ ಕಡೆ ಮಾಡ್ರಿ.

ಈಗ ಕ್ಯಾಲಿಬ್ರೇಷನ್

ಮೊದ್ಲು ನಿಮ್ಮ ಕಂಪನಿದ್ದೇ ಸಾಧನ ಅದಾ ನೋಡ್ರಿ. ಥಿಂಕ್‌ಪ್ಯಾಡ್ ಇದ್ರ ವ್ಯಾಂಟೇಜ್‌ನ್ಯಾಗ ಬ್ಯಾಟರಿ ಗೇಜ್ ರೀಸೆಟ್ ಅಂತ ಇರ್ತದ, ಅದು ತಾನೇ ತುಂಬಿ, ಖಾಲಿ ಮಾಡಿ, ಮತ್ತ ತುಂಬ್ತದ, ಚಾರ್ಜರ್ ಹಚ್ಚೇ ಇರಬೇಕು. ಎಚ್‌ಪಿದಾಗ ಆನ್ ಆಗುವಾಗ ಎಫ್2 ಒತ್ತಿ ಬ್ಯಾಟರಿ ಟೆಸ್ಟ್ ಮಾಡಿದ್ರ ಕೆಲವು ಸಲ ಉತ್ತರದಾಗೇ ಕ್ಯಾಲಿಬ್ರೇಟ್ ಅಂತ ಬರ್ತದ, ರಿಪ್ಲೇಸ್ ಅಂತ ಬಂದ್ರ ಅದು ಬ್ಯಾರೆ ಮಾತು. ಡೆಲ್‌ನ್ಯಾಗ ಎಫ್2 ಒತ್ತಿ ಬಯೋಸ್‌ಗೆ ಹೋದ್ರ ಬ್ಯಾಟರಿ ಹೆಲ್ತ್ ತೋರಿಸ್ತದ. ಸಾಧನ ಇಲ್ಲಂದ್ರ ಕೈಯಿಂದ ಮಾಡೋದು, ಕಷ್ಟ ಏನಿಲ್ಲ.

ನಮ್ಮ ಕಡೆ ಇದನ್ನ ಸಂಜಿ ಮ್ಯಾಲೆ ಶುರು ಮಾಡೋದು ಚೊಲೋ, ಸೆಲ್ ತಂಪಿದ್ರೇ ಚಿಪ್ಪು ಸರಿಯಾಗಿ ಕಲೀತದ. ಚಾರ್ಜ್ ಲಿಮಿಟ್ ತೆಗೆದು 100 ತನಕ ತುಂಬಿಸ್ರಿ. 100 ಆದ ಕೂಡ್ಲೇ ಕೀಳಬ್ಯಾಡ್ರಿ, ಚಾರ್ಜರ್ ಹಚ್ಚೇ ಇನ್ನೂ ಎರಡು ತಾಸು ಬಿಡ್ರಿ, ಸೆಲ್ಲಿನ ವೋಲ್ಟೇಜ್ ಸ್ಥಿರ ಆಗ್ಲಿಕ್ಕ ಅಷ್ಟು ಹೊತ್ತು ಬೇಕು, ತುಂಬಿದ ಗುರ್ತು ಚಿಪ್ಪು ಆವಾಗ ಹಾಕ್ಕೊಂತದ.

ಅಷ್ಟರಾಗ ಪವರ್ ಸೆಟ್ಟಿಂಗ್ ಬದ್ಲಿ ಮಾಡ್ರಿ. ಬ್ಯಾಟರಿ ಮ್ಯಾಲೆ ಇದ್ದಾಗ ಸ್ಕ್ರೀನ್ ಬಂದ್ ಆಗೋದು, ಸ್ಲೀಪ್ ಆಗೋದು ಎರಡೂ ನೆವರ್ ಅಂತ ಹಾಕ್ರಿ. ಅಡ್ವಾನ್ಸ್‌ಡ್ ಸೆಟ್ಟಿಂಗ್‌ನ್ಯಾಗ ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್ ಹೈಬರ್ನೇಟ್ (ತೆರೆದದ್ದೆಲ್ಲಾ ಡಿಸ್ಕ್‌ನ್ಯಾಗ ಉಳಿಸಿ ಬಂದ್ ಆಗೋದು) ಇರ್ಲಿ, ಕ್ರಿಟಿಕಲ್ ಲೆವೆಲ್ 5 ಪರ್ಸೆಂಟ್ ಇರ್ಲಿ. ಕೆಲಸದ ಫೈಲ್ ಎಲ್ಲಾ ಸೇವ್ ಮಾಡಿ ಬಂದ್ ಮಾಡ್ರಿ, ಪೆನ್‌ಡ್ರೈವ್ ಹಚ್ಚಿದ್ರ ತಗೀರಿ, ಯಾಕಂದ್ರ ಇದು ಯಾವಾಗ ಕೈಕೊಡ್ತದ ಅಂತ ಹೇಳ್ಲಿಕ್ಕ ಬರಂಗಿಲ್ಲ.

ಈಗ ಚಾರ್ಜರ್ ಕಿತ್ತು ಒಂದೇ ಸಮ ಭಾರ ಹಾಕಿ ಖಾಲಿ ಮಾಡ್ರಿ. ಕಂಪ್ಯೂಟರ್‌ನ್ಯಾಗಿರೋ ಒಂದು ಉದ್ದನ ವಿಡಿಯೋ ಹಚ್ಚಿ, ಬ್ರೈಟ್‌ನೆಸ್ ಅರ್ಧ ಇಟ್ಟು, ವೈಫೈ ಬಂದ್ ಮಾಡಿ ಬಿಟ್ಟುಬಿಡ್ರಿ. ಗೇಮ್ ಆಡಬ್ಯಾಡ್ರಿ, ಜೋರು ಭಾರಕ್ಕ ವೋಲ್ಟೇಜ್ ಕುಸಿದು ಇನ್ನೂ ಚಾರ್ಜ್ ಇರುವಾಗಲೇ ಬಂದ್ ಆದ್ರ ಚಿಪ್ಪು ಮತ್ತ ತಪ್ಪೇ ಕಲೀತದ. ನಡುವೆ ಯಾರಾದ್ರೂ ಪಾಪ ಚಾರ್ಜ್ ಇಳಿದದ ಅಂತ ಚಾರ್ಜರ್ ಹಚ್ಚಿದ್ರ ಪೂರಾ ಕೆಲಸ ವೇಸ್ಟ್, ಮನ್ಯಾಗ ಹೇಳಿಡ್ರಿ. ಗಡಿಯಾರ ನೋಡಿ ಶುರು ಆದ ಟೈಮ್ ಬರ್ದಿಟ್ಕೊಳ್ರಿ, ಇದು ಆಮ್ಯಾಲೆ ಬೇಕಾಗ್ತದ.

10 ಪರ್ಸೆಂಟ್ ಹತ್ರ ಬಂದಾಗ, ಇಲ್ಲಾ ಅದು ತಾನೇ ಹೈಬರ್ನೇಟ್ ಆದ ಮ್ಯಾಲೆ, ಇನ್ನೊಂದು ಹೆಜ್ಜಿ ಅದ, ಭಾಳ ಮಂದಿ ಇದನ್ನ ಬಿಟ್ಟುಬಿಡ್ತಾರ. ವಿಂಡೋಸ್ 5ಕ್ಕೇ ನಿಲ್ಲಿಸ್ತದ, ಆ 5 ಚಿಪ್ಪಿನ ಲೆಕ್ಕದ 5, ಖರೇ ಖಾಲಿ ಅಲ್ಲ. ಅದಕ್ಕ ವಿಂಡೋಸ್ ಶಟ್‌ಡೌನ್ ಮಾಡಿ, ಆನ್ ಮಾಡುವಾಗ ಬಯೋಸ್ ಸ್ಕ್ರೀನಿಗೆ ಹೋಗ್ರಿ (ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಥಿಂಕ್‌ಪ್ಯಾಡ್‌ಗೆ ಎಫ್1) ಅಲ್ಲೇ ಬಿಟ್ಟುಬಿಡ್ರಿ. ಬಯೋಸ್‌ಗೆ ಪರ್ಸೆಂಟ್ ನೋಡಿ ಸ್ಲೀಪ್ ಮಾಡೋ ಅಭ್ಯಾಸ ಇಲ್ಲ, ಖರೇನೇ ಖಾಲಿ ಆಗೋ ತನಕ ಓಡ್ತದ, ಡಿಸ್ಕ್ ಮ್ಯಾಲೆ ಏನೂ ಬರೀತಿರಂಗಿಲ್ಲ ಅಂದ್ಮ್ಯಾಲೆ ಫೈಲಿಗೂ ಧಕ್ಕಿ ಇಲ್ಲ. 5–6ರ ಮ್ಯಾಲೆ ತಾಸುಗಟ್ಲೆ ನಿಲ್ಲೋ ಮಷಿನ್ ಇಲ್ಲಿ ಭಾಳ ಹೊತ್ತು ತಗೊಂತದ, ತಾಳ್ಮಿ ಇರ್ಲಿ. ಬಂದ್ ಆದ ಟೈಮೂ ಬರ್ಕೊಳ್ರಿ.

ಬಂದ್ ಆದ ಮ್ಯಾಲೆ ಐದು ತಾಸು ಮುಟ್ಟಬ್ಯಾಡ್ರಿ. ಖಾಲಿ ಸೆಲ್ಲಿನ ವೋಲ್ಟೇಜ್ ಸ್ಥಿರ ಆಗೋದು ತುಂಬಿದ ಸೆಲ್ಲಿಗಿಂತ ನಿಧಾನ, ಅದಕ್ಕ ಅಲ್ಲಿ ಎರಡು ತಾಸು, ಇಲ್ಲಿ ಐದು. ರಾತ್ರಿ ಮಲಗೋ ಹೊತ್ತಿಗೆ ಇದು ಬಂದ್ರ ಮುಂಜಾನೆ ತನಕ ಬಿಡಬಹುದು. ಆದ್ರ ಎರಡು ಮೂರು ದಿನ ಹಂಗೇ ಖಾಲಿ ಇಡಬ್ಯಾಡ್ರಿ, ಸೆಲ್ ಇನ್ನೂ ಕೆಳಗ ಇಳಿದು ಮತ್ತ ಏಳಂಗಿಲ್ಲ.

ಮುಂಜಾನೆ ಚಾರ್ಜರ್ ಹಚ್ಚಿ ಒಂದೇ ಓಟಕ್ಕ 100 ತನಕ ತುಂಬಿಸ್ರಿ, ಮಷಿನ್ ಆನ್ ಮಾಡದೇ. ನಡುವೆ ಕರೆಂಟ್ ಹೋಗ್ತದ ಅನ್ನೋ ಚಿಂತಿ ಇರೋರಿಗೆ ಇದೇ ಉಪಾಯ: ಮಷಿನ್ ಬಂದ್ ಇದ್ರ ಕರೆಂಟ್ ಹೋದ್ರೂ ಚಾರ್ಜ್ ಎಲ್ಲಿತ್ತೋ ಅಲ್ಲೇ ನಿಂತಿರ್ತದ, ಬಂದ ಮ್ಯಾಲೆ ಮುಂದ ನಡೀತದ, ಆನ್ ಇದ್ರ ಮಾತ್ರ ಕೆಳಗ ಇಳಿದು ಲೆಕ್ಕ ಕೆಡ್ತದ. ಪೂರಾ ತುಂಬಿ ಮತ್ತೊಂದು ತಾಸು ಬಿಟ್ಟು ಆನ್ ಮಾಡಿ, ರಿಪೋರ್ಟ್ ಮತ್ತ ತಗೀರಿ. ಪವರ್ ಸೆಟ್ಟಿಂಗ್ ಮೊದಲಿನಂಗ ಮಾಡೋದು ಮರೀಬ್ಯಾಡ್ರಿ.

ಉತ್ತರ ಹೆಂಗ ಓದೋದು

ಫುಲ್ ಚಾರ್ಜ್ ಕೆಪಾಸಿಟಿ ಮೊದಲಿಗಿಂತ ಏರಿದ್ರ ಸಂತೋಷ, ಚಿಪ್ಪು ಕಡಿಮಿ ಹಿಡಿದಿತ್ತು, ಈಗ ಸರಿ ಆತು. ಇಳಿದ್ರೂ ಬ್ಯಾಸರ ಮಾಡ್ಕೊಬ್ಯಾಡ್ರಿ, ಬ್ಯಾಟರಿ ನಿನ್ನೆ ರಾತ್ರಿ ಕೆಟ್ಟಿಲ್ಲ, ಖರೇ ಎಷ್ಟದ ಅಂತ ಇವತ್ತು ಗೊತ್ತಾಗ್ಯದ, ಇನ್ನ ಮುಂದ 20 ಅಂದ್ರ 20ನೇ ಇರ್ತದ, ಅರ್ಜಿ ನಡುವೆ ಬಂದ್ ಆಗಂಗಿಲ್ಲ. ಬರ್ದಿಟ್ಟ ಟೈಮಿಂದಾನೂ ತಾಳೆ ನೋಡ್ರಿ, ವಿಡಿಯೋ ಓಡುವಾಗ ಸುಮಾರು 12 ವ್ಯಾಟ್ ಖರ್ಚಾಗೋ ಮಷಿನ್ ಎರಡು ತಾಸು ಓಡ್ತು ಅಂದ್ರ 24,000 ಎಂಡಬ್ಲ್ಯುಎಚ್ ಹತ್ರ ಅದ ಅಂತರ್ಥ, ರಿಪೋರ್ಟಿನ ಅಂಕಿ ಅದರ ಆಸುಪಾಸು ಇರಬೇಕು. ಒಂದು ಸಲಕ್ಕ ಪೂರಾ ಸರಿ ಆಗದಿದ್ರ ಇನ್ನೊಂದು ಸಲ ಮಾಡ್ರಿ, ಎರಡನೇ ಸಲಾನೂ ಅದೇ ಹಣೇಬರಹ ಅಂದ್ರ ಸೆಲ್ಲೇ ಹೋಗ್ಯಾವ. ವಾರ ವಾರ ಮಾಡೋದಂತೂ ಬ್ಯಾಡ, ಪೂರಾ ಖಾಲಿ ಮಾಡೋದೇ ಸೆಲ್ಲಿಗೆ ಒಂದು ಸವಕಳಿ, ಮೂರು ತಿಂಗಳಿಗೊಮ್ಮೆ ಇಲ್ಲಾ ಲೆಕ್ಕ ತಪ್ಪಿದ್ದು ಕಂಡಾಗ ಸಾಕು.

ಬದ್ಲಿ ಮಾಡೋ ಹೊತ್ತು ಬಂದದ ಅಂದ್ರ ಹಳೇ ಪ್ಯಾಕ್ ಮ್ಯಾಲಿನ ನಂಬರ್ ನೋಡ್ಕೊಂಡು ತರ್ರಿ, ಬರೀ ಮಾಡಲ್ ಹೆಸ್ರು ಸಾಲಂಗಿಲ್ಲ. 10.8 ಮತ್ತ 11.1 ವೋಲ್ಟ್ ಎರಡೂ ಮೂರು ಸಾಲಿನ ಪ್ಯಾಕೇ, ಒಂದರ ಜಾಗದಾಗ ಇನ್ನೊಂದು ನಡೀತದ, 14.8 ಮಾತ್ರ ನಾಕು ಸಾಲಿಂದು, ಅದನ್ನ ಇದಕ್ಕ ಹಾಕಬಾರ್ದು. ಲೇಬಲ್ ಮ್ಯಾಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರ್ತು, ಐಎಸ್ 16046, ಅದರ ಜೊತೀಗೆ ಆರ್ ಅಕ್ಷರದಿಂದ ಶುರು ಆಗೋ ರಿಜಿಸ್ಟ್ರೇಷನ್ ನಂಬರ್ ಅದಾ ನೋಡ್ರಿ. 2012ರ ಈಚಿನ ಥಿಂಕ್‌ಪ್ಯಾಡ್ ಎಷ್ಟೋ ಲೋಕಲ್ ಪ್ಯಾಕ್ ಒಪ್ಪಂಗಿಲ್ಲ, ಚಾರ್ಜೇ ಮಾಡಂಗಿಲ್ಲ, ಅಂಗಡಿಯೊಳಗೇ ಹಚ್ಚಿ ಚಾರ್ಜ್ ಏರೋದು ನೋಡಿ ರೊಕ್ಕ ಕೊಡ್ರಿ. ಸ್ಟಾಕ್‌ನ್ಯಾಗ ಸುಮ್ನ ಇದ್ರೂ ಸೆಲ್ಲಿಗೆ ವಯಸ್ಸಾಗ್ತದ, ತಯಾರಾದ ತಾರೀಖು ಇತ್ತೀಚಿಂದು ಇರ್ಲಿ. ಪೂರಾ ತುಂಬಿ 40 ಡಿಗ್ರಿ ಬಿಸಿಯೊಳಗ ಒಂದು ವರ್ಷ ಇಟ್ರ ಲಿಥಿಯಂ ಸೆಲ್ ಮೂರರಾಗ ಒಂದು ಪಾಲು ಕೆಪಾಸಿಟಿ ಕಳ್ಕೊಳ್ತದ, ಹಂಗಾಗಿ ಬ್ಯಾಸಗ್ಯಾಗ ಹೊಸ ಪ್ಯಾಕಿಗೆ 80ರ ಲಿಮಿಟ್ ಹಾಕಿಡೋದು ನಮ್ಮ ಕಡೆ ಭಾಳ ಮುಖ್ಯ. ಹಳೇದನ್ನ ಕಸದ ಗಾಡಿಗೆ ಹಾಕಬ್ಯಾಡ್ರಿ, ಕಾಂಟ್ಯಾಕ್ಟ್ ಮ್ಯಾಲೆ ಟೇಪ್ ಹಚ್ಚಿ ಹೊಸಾದು ತಂದ ಅಂಗಡಿಗೇ ಕೊಡ್ರಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಕೂಡಿಸಿ ರೀಸೈಕಲ್ ಮಾಡಿಸೋ ಜವಾಬ್ದಾರಿ ತಯಾರಕರದ್ದೇ ಅದ.

ಹೊಸ ಪ್ಯಾಕ್ ಹಾಕಿದ ದಿನಾನೇ ಒಂದು ರಿಪೋರ್ಟ್ ತೆಗೆದಿಡ್ರಿ, ಒಂದು ಸಲ ಕ್ಯಾಲಿಬ್ರೇಷನ್ ಮಾಡಿ ಮತ್ತೊಂದು ತಗೀರಿ. ಲೇಬಲ್ ಮ್ಯಾಲೆ 48 ವ್ಯಾಟ್‌ಅವರ್ ಅಂತ ಬರೆದು, ಖಾಲಿ ಮಾಡಿ ತುಂಬಿದ ಮ್ಯಾಲೆ 30ರ ಹತ್ರ ತೋರಿಸಿದ್ರ ವಾರಂಟಿ ಕಾರ್ಡು, ಎರಡೂ ರಿಪೋರ್ಟ್ ಹಿಡ್ಕೊಂಡು ಅದೇ ವಾರ ಅಂಗಡಿಗೆ ಹೋಗಿ ಬದ್ಲಿ ಮಾಡಿಸ್ಕೊಳ್ರಿ.